ಕಣ್ಣಕ್ಕನ ಬಿಳಿ

ಬೆಳಗಿನ ಆರೂಮುಕ್ಕಾಲು. ಮೂರನೇ ಮಹಡಿಯ ಪುಟ್ಟ ಕೋಣೆ. ಕಿಟಕಿಯಾಚೆ ಮೋಡ ಮುಚ್ಚಿದ ಆಕಾಶ, ಎದುರು ಕಟ್ಟಡದ ನೀರಿನ ಟ್ಯಾಂಕು, ತಂತಿಯ ಮೇಲೆ ರಾತ್ರಿಯೆಲ್ಲ ಮರೆತುಹೋದ ಒಂದು ಟವಲ್. ಮೇಜಿನ ಮೇಲಿರುವ ಹಳೇ ಕಾಲದ ದಪ್ಪ ಮಾನಿಟರ್ ಅರ್ಧ ಗಂಟೆಯಿಂದ ಉರಿದು ಬೆಚ್ಚಗಾಗಿದೆ. ಬಿಸಿಯಾದ ಧೂಳಿನ ವಾಸನೆ ಕೋಣೆಯಲ್ಲಿ ತುಂಬಿದೆ. ಮಾನಿಟರಿನ ಬೆನ್ನಿನ ಮುಚ್ಚಳ ಬಿಚ್ಚಿ ನೆಲಕ್ಕಿಟ್ಟ ಐವತ್ತೊಂಬತ್ತರ ಹೆಂಗಸು ಎಡಗೈಯನ್ನು ಸೊಂಟದ ಹಿಂದೆ ಮಡಚಿಕೊಂಡು, ಬಲಗೈಯಲ್ಲಿ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಹಿಡಿದು ಕುಳಿತಿದ್ದಾರೆ. ಅವರು ಕುಳಿತಿರುವುದು ಹಿಂಬದಿಯಲ್ಲಿ. ಪರದೆ ಅವರಿಗೆ ಕಾಣುವುದು ಎದುರಿನ ಕುರ್ಚಿಗೆ ಒರಗಿಸಿಟ್ಟ ಕನ್ನಡಿಯಲ್ಲಿ.

ಬಾಗಿಲಲ್ಲಿ ನಿಂತವಳು ಈ ಮಾನಿಟರಿನ ಒಡತಿ, ಒಬ್ಬ ನರ್ಸ್. ಧೂಳು ಹೊಡೆಯಲಿ ಎಂದು ಬೀಗದಕೈ ಪಕ್ಕದ ಮನೆಯಲ್ಲಿ ಕೊಟ್ಟುಹೋಗಿದ್ದವಳು ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಬಂದಿದ್ದಾಳೆ. ಬಿಳಿ ಕೋಟು ಇನ್ನೂ ಮೈಮೇಲಿದೆ.

"ಕಣ್ಣಕ್ಕಾ, ಧೂಳು ಹೊಡೀರಿ, ಟೀ ಕುಡೀರಿ, ಬೇಕಾದ್ರೆ ಸ್ವಲ್ಪ ಹೊತ್ತು ಮಲ್ಕೊಳ್ಳಿ. ಬಣ್ಣ ಮಾತ್ರ ಮುಟ್ಟಬೇಡಿ."

ಕಣ್ಣಕ್ಕ ಸ್ಕ್ರೂಡ್ರೈವರ್ ಮಡಿಲಿಗೆ ಹಾಕಿಕೊಳ್ಳುತ್ತಾರೆ. "ತಪ್ಪಾಗಿದೆ ಕಣಮ್ಮ ಅದು. ನಾನೇ ಮಾಡಿದ ತಪ್ಪು."

"ಆ ತಪ್ಪಿಗೋಸ್ಕರ ಎಂಟು ತಿಂಗಳು ಕಾದು ತಗೊಂಡಿದ್ದು ನಾನು!"

ಇದನ್ನು ಕೇಳಿ ಕಣ್ಣಕ್ಕನಿಗೆ ನಗು ಬರುತ್ತದೆ, ಅದರ ಜೊತೆಗೇ ಮುಖವೂ ಸಣ್ಣಗಾಗುತ್ತದೆ. ಇಂಥ ಮಾತು ಅವರಿಗೆ ಹೊಸದಲ್ಲ. ಈ ಆರು ತಿಂಗಳಲ್ಲಿ ಅವರು ಹತ್ತಿರುವ ಹದಿನೈದನೇ ಮನೆಯ ಮೆಟ್ಟಿಲು ಇದು.

ಕಣ್ಣಕ್ಕ ಎಂಬ ಹೆಸರು ಅವರಿಗೆ ಬಂದದ್ದು ಮಾನಿಟರ್ ಕಾರ್ಖಾನೆಯಲ್ಲಿ. ಜೋಡಣೆ ಸಾಲಿನ ಕೊನೆಯಲ್ಲಿ ಇಪ್ಪತ್ತೆರಡು ಹೆಂಗಸರು ಕೂರುತ್ತಿದ್ದರು. ಎದುರಿಗೆ ಬಂದು ನಿಲ್ಲುವ ಪ್ರತಿ ಪೆಟ್ಟಿಗೆಯ ಬೆನ್ನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ತಿರುಪು. ಮೂರನ್ನೂ ಕೂದಲೆಳೆಯಷ್ಟು ತಿರುಗಿಸಿ, ಮೂರು ಬಣ್ಣ ಕೂಡಿ ಶುದ್ಧ ಬಿಳಿ ಆಗುವಂತೆ ಮಾಡುವುದು ಅವರ ಕೆಲಸ. ಒಂದಕ್ಕೆ ಮೂರು ನಿಮಿಷ. ಒಂದು ಪಾಳಿಗೆ ನೂರ ನಲವತ್ತು. ಹೀಗೆ ಹದಿನೇಳು ವರ್ಷ. ಕಣ್ಣಕ್ಕ ಇದನ್ನು ಯಾವತ್ತೂ ಕೂಡಿಸಿ ನೋಡಿಲ್ಲ. ಕೂಡಿಸಿದ್ದು ಅವರ ಗಂಡ, ಒಂದು ಭಾನುವಾರ ಬೇರೇನೂ ಕೆಲಸವಿಲ್ಲದೆ. "ಆರು ಲಕ್ಷದ ಮೇಲಾಯ್ತು ಕಣೇ. ಇಷ್ಟು ಜನರ ಮುಖ ನೋಡಿದ್ರೆ ನೀನು ಎಲೆಕ್ಷನ್‌ಗೆ ನಿಲ್ಲಬಹುದಿತ್ತು."

ಆ ಸಾಲಿನ ತುದಿಯಲ್ಲಿ ಕಪ್ಪು ಬಟ್ಟೆಯ ಗುಡಾರದೊಳಗೆ ಒಂದು ಮಾನಿಟರ್ ಇರುತ್ತಿತ್ತು. ಅದಕ್ಕೆ ಎಲ್ಲರೂ 'ತಾಯಿ' ಎನ್ನುತ್ತಿದ್ದರು. ಪಾಳಿ ಶುರುವಾಗುವ ಮೊದಲು ಒಬ್ಬೊಬ್ಬರೇ ಗುಡಾರದೊಳಗೆ ಹೋಗಿ ಒಂದು ನಿಮಿಷ ಅದರ ಬಿಳಿಯನ್ನೇ ನೋಡಿಬರಬೇಕು. 'ಬಿಳಿ ತಗೊಳ್ಳೋದು' ಎಂದು ಅದಕ್ಕೆ ಹೆಸರು. ತಗೊಂಡ ಬಿಳಿಯನ್ನು ಊಟದ ಗಂಟೆಯವರೆಗೆ ಕಣ್ಣಲ್ಲಿ ಕಾಪಾಡಿಕೊಳ್ಳಬೇಕು. ಬಹಳ ಜನಕ್ಕೆ ಹತ್ತು ಗಂಟೆಯ ಹೊತ್ತಿಗೆ ಅದು ಜಾರಿಹೋಗುತ್ತಿತ್ತು, ಮತ್ತೆ ಎದ್ದು ಓಡುತ್ತಿದ್ದರು. ಕಣ್ಣಕ್ಕ ಸಂಜೆವರೆಗೂ ಏಳುತ್ತಿರಲಿಲ್ಲ. ಮೇಲ್ವಿಚಾರಕ ಅನುಮಾನದಿಂದ ಅವರ ಪೆಟ್ಟಿಗೆಗಳನ್ನು ಮೀಟರಿಗೆ ಹಚ್ಚಿ ನೋಡಿದ. ಮೂರು ದಿನ ನೋಡಿದ ಮೇಲೆ ಮೀಟರನ್ನು ಬೇರೆ ಸಾಲಿಗೆ ಕಳಿಸಿಬಿಟ್ಟ.

"ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನೇಲ್ ಪಾಲಿಷ್ ಕೊಟ್ಟಿದ್ರು," ಎನ್ನುತ್ತಾರೆ ಅವರು. "ತಿರುಪು ಕೂತ ಮೇಲೆ ಅಲ್ಲಾಡಬಾರದು ಅಂತ ಅದರ ಮೇಲೊಂದು ಚುಕ್ಕೆ, ಮುಚ್ಚಳದ ಅಂಚಿಗೊಂದು ಚುಕ್ಕೆ. ನಂದು ಕೆಂಪು. ಚುಕ್ಕೆ ಹಾಕಿದೀನಿ ಅಂದ್ರೆ, ಇದನ್ನ ನಾನು ನೋಡಿದೀನಿ ಅಂತ. ಉಗುರಿಗೆ ಯಾವತ್ತೂ ಹಚ್ಕೊಳ್ಳಲಿಲ್ಲ ನೋಡಿ, ಡಬ್ಬಕ್ಕೇ ಹಚ್ಚಿ ಖಾಲಿ ಮಾಡಿದ್ದು."

ಎಡಗೈ ಹಿಂದಕ್ಕೆ ಹೋಗುವ ಅಭ್ಯಾಸವೂ ಅಲ್ಲಿಯದೇ. ಪೆಟ್ಟಿಗೆಯೊಳಗೆ ಸಾವಿರಾರು ವೋಲ್ಟ್ ಇರುತ್ತದೆ. ಎರಡು ಕೈಯೂ ಒಳಗಿದ್ದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಹಾಗಾಗಿ ಒಂದೇ ಕೈ. ಈಗಲೂ ಒಲೆಯ ಮುಂದೆ ನಿಂತರೆ ಅವರ ಎಡಗೈ ತನ್ನಷ್ಟಕ್ಕೆ ಸೊಂಟದ ಹಿಂದೆ ಹೋಗಿ ಕೂರುತ್ತದೆ. "ಮದುವೆಯಾದ ಹೊಸದರಲ್ಲಿ ಇವಳಿಗೇನೋ ಗತ್ತು ಅಂದ್ಕೊಂಡಿದ್ದೆ," ಎಂದು ಗಂಡ ಕಣ್ಣು ಮಿಟುಕಿಸುತ್ತಾರೆ.

ತೆಳು ಪರದೆಗಳು ಬಂದವು. ಇಪ್ಪತ್ತೆರಡು ಜನ ಹನ್ನೊಂದಾದರು, ಆಮೇಲೆ ನಾಲ್ಕು. ಕೊನೆಗೆ ಒಂದು ದಿನ ಸಾಲಿನ ದೀಪಗಳನ್ನು ಒಂದು ತುದಿಯಿಂದ ಆರಿಸುತ್ತಾ ಬಂದರು. ಗುಡಾರದ ಬಟ್ಟೆ ಮಡಚಿ ಯಾರೋ ಬಗಲಲ್ಲಿ ಇಟ್ಟುಕೊಂಡು ಹೋದರು. ತಾಯಿ ಎಲ್ಲಿಗೆ ಹೋಯಿತೋ ಕಣ್ಣಕ್ಕನಿಗೆ ಇವತ್ತಿಗೂ ಗೊತ್ತಿಲ್ಲ. ಅದರ ಬಿಳಿಯನ್ನು ಮಾತ್ರ ಅವರು ಕಣ್ಣಲ್ಲಿ ಮನೆಗೆ ತಂದರು. ಹಾಗೆಂದೇ ಬಹಳ ವರ್ಷ ನಂಬಿದ್ದರು.

ಈಗ ಅವರಿಗೆ ಕೆಲಸ ಮೈದುನನ ಗುಜರಿ ಶೆಡ್ಡಿನಲ್ಲಿ. ಜನ ಎಸೆದ ಯಂತ್ರಗಳನ್ನು ಒಡೆದು, ತಾಮ್ರ, ಗಾಜು, ಪ್ಲಾಸ್ಟಿಕ್ ಬೇರೆ ಮಾಡುವ ಜಾಗ. ಮೊದಲು ದಿನಕ್ಕೆ ನಲವತ್ತು ದಪ್ಪ ಮಾನಿಟರ್ ಬರುತ್ತಿದ್ದವು. ಈಗ ವಾರಕ್ಕೆ ಐದು ಬಂದರೆ ಹೆಚ್ಚು. ಕಣ್ಣಕ್ಕ ಪ್ರತಿಯೊಂದನ್ನೂ ಹೊತ್ತಿಸಿ ನೋಡುತ್ತಾರೆ. ಹತ್ತರಲ್ಲಿ ಒಂದು ಬದುಕುತ್ತದೆ; ಅದರ ಬಿಳಿ ಹೊಂದಿಸಿ ಅದಕ್ಕೂ ತಮ್ಮ ಕೆಂಪು ಚುಕ್ಕೆ ಹಾಕುತ್ತಾರೆ. ಉಳಿದವು ಸುತ್ತಿಗೆಗೆ.

ಬದುಕಿದ್ದನ್ನು ಒಯ್ಯುವವರು ಗೇಮ್ ಆಡುವವರು. ಅವರಲ್ಲಿ ಎರಡು ಪಂಗಡ. ಶೆಡ್ಡಿನ ಭಾಷೆಯಲ್ಲಿ ಹೇಳುವುದಾದರೆ, ದಪ್ಪ ಮಾನಿಟರಿನ ಡಬ್ಬದವರು ಮತ್ತು ತೆಳು ಪರದೆಯ ಹಲಗೆಯವರು. ಇಬ್ಬರೂ ಶೆಡ್ಡಿನ ಮುಂದೆ ನಿಂತರೆ ಜಗಳ ಗ್ಯಾರಂಟಿ. ಹಲಗೆಯಲ್ಲಿ ಗುಂಡಿ ಒತ್ತಿದ್ದಕ್ಕೂ ಏಟು ಬೀಳುವುದಕ್ಕೂ ನಡುವೆ ಒಂದು ರೆಪ್ಪೆಯಷ್ಟು ತಡ ಎನ್ನುತ್ತಾರೆ ಡಬ್ಬದವರು. ಓಡುವವನ ಕಾಲು ಹಲಗೆಯಲ್ಲಿ ಕಲಸಿಹೋಗುತ್ತದೆ, ಡಬ್ಬದಲ್ಲಿ ಒಂದೊಂದು ಹೆಜ್ಜೆಯೂ ಕತ್ತರಿಸಿಟ್ಟ ಹಾಗೆ ಎನ್ನುತ್ತಾರೆ. "ಹೌದಪ್ಪ, ಇಪ್ಪತ್ತನಾಲ್ಕು ಕೆಜಿ ಹೊತ್ತುಕೊಂಡು ಹೋಗು, ಆಮೇಲೆ ಏಟು ಕೊಡೋಕೆ ಕೈ ಎಲ್ಲಿರುತ್ತೆ?" ಎನ್ನುತ್ತಾರೆ ಹಲಗೆಯವರು.

ತೀರ್ಪಿಗೆ ಕಣ್ಣಕ್ಕನ ಬಳಿ ಬಂದರೆ ಅವರು ಮೊದಲು ಕೇಳುವುದು, ಏನು ಆಡ್ತೀಯಾ ಎಂದು. "ನಿಧಾನದ ಆಟ, ಯೋಚನೆ ಮಾಡೋ ಆಟ, ಅಕ್ಷರ ಓದೋ ಆಟ ಆದ್ರೆ ಹಲಗೆ ತಗೋ. ಕಣ್ಣಿಗೂ ಹಿತ, ಬೆನ್ನಿಗೂ ಹಿತ. ಕೈ-ಕಣ್ಣು ಒಟ್ಟಿಗೆ ಓಡಬೇಕು ಅಂದ್ರೆ ಮಾತ್ರ ಡಬ್ಬ." ಹೀಗೆ ಬಂದ ಗಿರಾಕಿಯಲ್ಲಿ ಅರ್ಧ ಜನರನ್ನು ಅವರೇ ವಾಪಸ್ ಕಳಿಸುತ್ತಾರೆ. ಮೈದುನ ತಲೆ ಚಚ್ಚಿಕೊಳ್ಳುತ್ತಾನೆ.

ಎರಡನೇ ಪ್ರಶ್ನೆ, ಮೇಜು ಯಾವ ದಿಕ್ಕಿಗಿದೆ? ಇದಕ್ಕೆ ಎಲ್ಲರೂ ನಗುತ್ತಾರೆ. ಆದರೆ ಭೂಮಿಯೇ ಒಂದು ಅಯಸ್ಕಾಂತ. ಪೂರ್ವಕ್ಕೆ ಮುಖಮಾಡಿ ಹೊಂದಿಸಿದ ಡಬ್ಬವನ್ನು ಉತ್ತರಕ್ಕೆ ತಿರುಗಿಸಿದರೆ ಮೂಲೆಯಲ್ಲಿ ಗುಲಾಬಿ ಕಲೆ ಕಾಣಿಸಿಕೊಳ್ಳಬಹುದು. ಹಾಗಾಗಿ ಕಣ್ಣಕ್ಕನ ಚೀಲದಲ್ಲಿ ಕನ್ನಡಿಯ ಜೊತೆ ಒಂದು ದಿಕ್ಸೂಚಿಯೂ ಇರುತ್ತದೆ.

ಅವರ ಡಬ್ಬಗಳಿಗೆ ಆಟಗಾರರ ನಡುವೆ ದೊಡ್ಡ ಹೆಸರು ಬಂದದ್ದು ಹೋದ ವರ್ಷ. ಆ ಬಿಳಿಯಲ್ಲಿ ಏನೋ ಒಂದು ತಂಪಿದೆ, ಬೆಳದಿಂಗಳಿನ ಹಾಗೆ ಎಂದು ಯಾರೋ ಬರೆದರು. ಅದಕ್ಕೆ 'ಕಣ್ಣಕ್ಕನ ಬಿಳಿ' ಎಂದು ಹೆಸರಾಯಿತು. ಹಲಗೆಯವರು ಕೂಡ ತಮ್ಮ ಪರದೆಯನ್ನು ಹಾಗೇ ಹೊಂದಿಸಿಕೊಳ್ಳಲು ಒದ್ದಾಡಿದರು. ಮೈದುನ ಶೆಡ್ಡಿನ ಬಾಗಿಲಿಗೆ ಬೋರ್ಡು ಬರೆಸಿದ.

ಆಮೇಲೆ ಕಣ್ಣಕ್ಕನಿಗೆ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದರೆ, ಕೆನೆ ಬಣ್ಣದ್ದು ಎಂದುಕೊಂಡಿದ್ದ ಅಡುಗೆಮನೆಯ ಗೋಡೆ ಬೆಳ್ಳಗೆ ನಿಂತಿತ್ತು. ಗಂಡನ ಕೂದಲೂ ಅಷ್ಟೇ. "ಒಂದೇ ದಿನಕ್ಕೆ ಇಷ್ಟು ಮುದುಕ ಆಗಿಹೋದ್ರಲ್ಲಾ!" ಎಂದು ನಕ್ಕಿದ್ದರು. ನಾಲ್ಕನೇ ದಿನ ಶೆಡ್ಡಿಗೆ ಹೋಗಿ, ಆಪರೇಷನ್‌ಗೆ ಮುಂಚೆ ಮುಗಿಸಿಟ್ಟಿದ್ದ ಡಬ್ಬ ಹೊತ್ತಿಸಿದರು. ನಗು ಅಲ್ಲೇ ನಿಂತಿತು. ಬಟ್ಟೆಗೆ ಹಾಕುವ ನೀಲಿ ಅಳತೆ ತಪ್ಪಿ ಬಿದ್ದ ಹಾಗಿತ್ತು ಪರದೆ.

ಪೊರೆ ನಿಧಾನವಾಗಿ ಬೆಳೆದು ಲೋಕಕ್ಕೆಲ್ಲ ಹಳದಿ ಬಳಿದಿತ್ತು. ಆ ಹಳದಿಯನ್ನು ತೆಗೆಯಲು ಅವರು ಪ್ರತಿ ಡಬ್ಬಕ್ಕೂ ನೀಲಿ ಏರಿಸುತ್ತಾ ಹೋಗಿದ್ದರು. ಊರು ಮೆಚ್ಚಿದ ಬೆಳದಿಂಗಳು ಅವರ ಕಣ್ಣಿನ ಕಾಯಿಲೆ.

"ಅವತ್ತು ಕೂತ್ಕೊಂಡು ಲೆಕ್ಕ ಹಾಕಿದೆ," ಎನ್ನುತ್ತಾರೆ. "ಹತ್ತೊಂಬತ್ತು. ಹತ್ತೊಂಬತ್ತು ಮನೇಲಿ ನನ್ನ ಕೆಂಪು ಚುಕ್ಕೆ ಕೂತು ಸುಳ್ಳು ಹೇಳ್ತಿದೆ."

ಮೈದುನನಿಗೆ ಇದು ಹುಚ್ಚಾಟ. "ಅತ್ತಿಗೆ, ಜನ ಮೆಚ್ಚಿದ್ದನ್ನ ಕೆಡಿಸೋಕೆ ನೀವೇ ಬಸ್ ಹತ್ತಿ ಹೋಗ್ತೀರಲ್ಲ. ಯಾರಾದ್ರೂ ದೂರು ಕೊಟ್ರಾ? ಒಂದೇ ಒಂದು?"

"ದೂರು ಕೊಡೋಕೆ ಅವರಿಗೆ ಸರಿ ಬಿಳಿ ಗೊತ್ತಿದ್ರೆ ತಾನೆ!"

ಹತ್ತೊಂಬತ್ತರಲ್ಲಿ ಹನ್ನೊಂದು ಸರಿಯಾಗಿವೆ. ಮೂವರು ಒಪ್ಪಲಿಲ್ಲ. ಕಣ್ಣಕ್ಕ ಜಗಳ ಆಡುವುದಿಲ್ಲ. ಆದರೆ ಹೊರಡುವ ಮೊದಲು ಬ್ಲೇಡಿನಿಂದ ತಮ್ಮ ಕೆಂಪು ಚುಕ್ಕೆಗಳನ್ನು ಕೆರೆದು ತೆಗೆದು ಬರುತ್ತಾರೆ.

ಇವತ್ತು ಮೂರನೇ ಮಹಡಿಯಲ್ಲೂ ಈಗ ಅದೇ ನಡೆಯುತ್ತಿದೆ. ಚೀಲದಿಂದ ಬ್ಲೇಡು ಹೊರಬಂದಿದೆ. ನರ್ಸ್ ಗಾಬರಿಯಾಗುತ್ತಾಳೆ.

"ಅಯ್ಯೋ, ಅದನ್ಯಾಕೆ ಕೆರೀತೀರಾ? ಎಲ್ಲರಿಗೂ ತೋರಿಸೋದೇ ಅದನ್ನ!"

"ನಾನು ನೋಡಿದೀನಿ ಅನ್ನೋಕೆ ಹಾಕಿದ ಗುರುತು ಕಣಮ್ಮ. ಈಗ ನಿಜವಾಗ್ಲೂ ನೋಡ್ತಿದೀನಿ. ಸರಿ ಇಲ್ಲ. ಪರದೆ ನಿಂದು, ನಿಂಗೆ ಬೇಕಾದ ಹಾಗೆ ಇಟ್ಕೋ. ಚುಕ್ಕೆ ನಂದು."

ನರ್ಸ್ ಹಾಸಿಗೆಯ ಅಂಚಿನಲ್ಲಿ ಕೂರುತ್ತಾಳೆ. ಅವಳಿಗೆ ಈ ಡಬ್ಬ ಬರೀ ಆಟದ ಸಾಮಾನಲ್ಲ. ಚಿಕ್ಕಂದಿನಲ್ಲಿ ಅಣ್ಣನ ಪಕ್ಕ ಕೂತು ಆಡಿದ ಹೊಡೆದಾಟದ ಗೇಮನ್ನೇ ಈಗಲೂ ಪಾಳಿ ಮುಗಿದ ಮೇಲೆ ಅರ್ಧ ಗಂಟೆ ಆಡಿ ಮಲಗುತ್ತಾಳೆ. ಹಲಗೆಯಲ್ಲಿ ಆಡಿದರೆ ಕೈಗೆ ಆ ಹಳೇ ತಾಳ ಸಿಗುವುದಿಲ್ಲ. "ಅಣ್ಣನ ಡಬ್ಬವೂ ಹೀಗೇ ತಂಪಾಗಿತ್ತು ಅನ್ಸುತ್ತೆ," ಎನ್ನುತ್ತಾಳೆ. "ಇತ್ತಾ ಇಲ್ವಾ, ಗೊತ್ತಿಲ್ಲ."

"ನೆನಪನ್ನ ನಂಬಿಯೇ ನಾನು ಕೆಟ್ಟಿದ್ದು," ಎನ್ನುತ್ತಾರೆ ಕಣ್ಣಕ್ಕ. "ಆ ಕೋಟು ಬಿಚ್ಚಿ ಇಲ್ಲಿ ಹಿಡಿ."

ಬೆಳಗಿನ ಈ ಹೊತ್ತನ್ನೇ, ಅದರಲ್ಲೂ ಮೋಡದ ದಿನವನ್ನೇ ಅವರು ಕಾಯುವುದು ಇದಕ್ಕೆ. ಬಲ್ಬಿನ ಹಳದಿ ಇಲ್ಲ, ಬಿಸಿಲಿನ ಬಂಗಾರ ಇನ್ನೂ ಒಳಗೆ ಬಂದಿಲ್ಲ. ಪರದೆಯ ಪಕ್ಕ ಕೋಟು. ನರ್ಸ್ ಅದನ್ನೊಮ್ಮೆ ಇದನ್ನೊಮ್ಮೆ ನೋಡುತ್ತಾಳೆ. ಆಪರೇಷನ್ ಆದ ಮೇಲೆ ಕಣ್ಣಕ್ಕ ಬರೀ ತಮ್ಮ ಕಣ್ಣನ್ನೇ ನಂಬಿ ತೀರ್ಪು ಕೊಡುವುದನ್ನು ಬಿಟ್ಟಿದ್ದಾರೆ. ಈಗ ಎದುರಿನವರನ್ನೂ ಕೇಳುತ್ತಾರೆ.

"ಏನು ಕಾಣುತ್ತೆ, ಹೇಳು."

"...ನೀಲಿ."

ತಿರುಪು ಕೂದಲೆಳೆಯಷ್ಟು ತಿರುಗುತ್ತದೆ. ಎಡಗೈ ಬೆನ್ನ ಹಿಂದೆ, ಕಣ್ಣು ಕನ್ನಡಿಯಲ್ಲಿ. ಈಗ? ಇನ್ನೂ ನೀಲಿ. ಈಗ? ಸ್ವಲ್ಪ. ಈಗ? ನರ್ಸ್ ಪರದೆಯ ಹತ್ತಿರಕ್ಕೆ ಬಾಗುತ್ತಾಳೆ. ಕೋಟಿನ ತೋಳು ಎಲ್ಲಿ ಮುಗಿದು ಪರದೆ ಎಲ್ಲಿ ಶುರುವಾಗುತ್ತದೆ ಎಂದು ಕಣ್ಣು ಕಿರಿದು ಮಾಡಿಕೊಂಡು ಹುಡುಕುತ್ತಿದ್ದಾಳೆ.

ಆಮೇಲೆ ಒಂದು ಆಟ ಆಡಿ ನೋಡುತ್ತಾಳೆ. "ಥೂ! ಇವನ ಮುಖ ನೋಡಿ, ಕಾಮಾಲೆ ಆದವನ ಹಾಗಿದಾನೆ. ನಮ್ಮ ವಾರ್ಡಿಗೆ ಸೇರಿಸ್ಬೇಕು."

"ಮೂರು ದಿನ ಕೊಡು. ಪಟ್ಟಿ ಬಿಚ್ಚಿದ ಮೇಲೆ ನಂಗೂ ಮೂರು ದಿನ ಹಿಡೀತು. ಅವತ್ತಿಗೂ ಬೇಡ ಅನ್ಸಿದ್ರೆ ನಾನೇ ಬಂದು ಹಳೇದಕ್ಕೆ ತಿರುಗಿಸಿ ಹೋಗ್ತೀನಿ."

ನೇಲ್ ಪಾಲಿಷ್ ಶೀಶೆ ಚೀಲದಲ್ಲೇ ಉಳಿಯುತ್ತದೆ. ಕೆಳಗೆ ಬಾಗಿಲ ಬಳಿ ಗಂಡ ಕಾದಿದ್ದಾರೆ. ಮುಗೀತಾ ಎಂದರೆ, ಗುರುವಾರ ಗೊತ್ತಾಗುತ್ತೆ ಎನ್ನುತ್ತಾರೆ ಕಣ್ಣಕ್ಕ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಯಾರೂ ಕೇಳದಿದ್ದರೂ ಹೇಳುತ್ತಾರೆ: "ದೊಡ್ಡ ಆಸೆ ಏನಿಲ್ಲ. ಹಾಕಿದ ಚುಕ್ಕೆ ಎಲ್ಲ ನಿಜ ಆಗ್ಬೇಕು. ಅಷ್ಟೇ."

ಗುರುವಾರ ಬೆಳಿಗ್ಗೆ ಶೆಡ್ಡಿನಲ್ಲಿ ಫೋನು ಬರುತ್ತದೆ. ಕಣ್ಣಕ್ಕ ಸೆರಗಿನಲ್ಲಿ ಬಲಗೈ ಒರೆಸಿಕೊಂಡು ಎತ್ತುತ್ತಾರೆ. ನರ್ಸ್.

"ಕಣ್ಣಕ್ಕಾ, ನಿನ್ನೆ ಫ್ರೆಂಡ್ ಒಬ್ಬಳು ಬಂದಿದ್ಲು. ಪರದೆ ನೋಡಿ, ಕಣ್ಣಕ್ಕನ ಬಿಳಿ ಎಲ್ಲೇ ಹೋಯ್ತು ಅಂದ್ಲು. ನಾನು ಹೇಳ್ದೆ, ಇದೇ ಕಣೇ ಅವರ ಬಿಳಿ ಅಂತ." ಅದರ ಹಿಂದೆಯೇ, "ಶೀಶೆ ತಗೊಂಡು ಯಾವಾಗ ಬರ್ತೀರಾ?"

ಕಣ್ಣಕ್ಕ ಶೆಡ್ಡಿನ ಬಾಗಿಲಿಗೆ ಬಂದು ಆಕಾಶ ನೋಡುತ್ತಾರೆ. ಮೋಡ ಇದೆ.