ಚಕ್‌ಗೆ ಹಚ್ಚಿದ ವಿಭೂತಿ

ಬೈಲಹೊಂಗಲದ ವರ್ಕ್‌ಶಾಪ್ ಒಂದರಾಗ ಲೇಥ್ ಮಷಿನ್ನಿಗೆ ಹೊಸ ಚಕ್ ಕೂಡಿಸಾಕ ಕಂಪನಿ ಕಡಿಂದ ಹೋಗಿದ್ದೆ. ಕಬ್ಬಿಣದ ತುಂಡನ್ನ ಬಿಗಿಯಾಗಿ ಹಿಡಿದು ತಿರುಗಿಸೋದ ಈ ಚಕ್. ಪೆಟ್ಟಿಗಿ ಬಿಚ್ಚಿದ ಕೂಡಲೆ ವಯಸ್ಸಾದ ಮಾಲಕರು ಅದರ ಮುಖಕ್ಕ ಮೂರು ಬೆರಳಿನ ವಿಭೂತಿ ಎಳದ್ರು. ನಾ ಕೂಡಿಸಿ ಮಷಿನ್ ಚಾಲೂ ಮಾಡಿದರ ಚಕ್ ಓಲಾಡಾಕ ಹತ್ತಿತು.

"ಮಷಿನ್ನಿಗೆ ವಿಭೂತಿ ಬಡದ್ರ ಮತ್ತೇನ ಆಗತೈತ್ರಿ?" ಅಂತ ಕೆಲಸಗಾರರ ಮುಂದ ಅವರಿಗೆ ಪಾಠ ಹೇಳಿದೆ.

ಅವರು ಚಕ್ ಬಿಚ್ಚಿಸಿ, ಅದರ ಹಿಂದ ಮಷಿನ್ ಮ್ಯಾಲ ಬೆರಳಾಡಿಸಿ, ನಾ ಒರೆಸದ ಬಿಟ್ಟಿದ್ದ ಕಬ್ಬಿಣದ ಚೂರೊಂದನ್ನ ನನ್ನ ಅಂಗೈಯಾಗ ಇಟ್ರು.

"ವಿಭೂತಿ ಮುಂದ ಐತ್ರಿ ಸಾಹೇಬ್ರ, ಇದು ಹಿಂದಿತ್ತು. ಇರಲಿ, ಚಾ ಕುಡೀರಿ."

ಈಗ ಎಲ್ಲೇ ಹೋದರೂ ಚಕ್ ಕೂಡಿಸೋಕಿಂತ ಮೊದಲ ಚೂರೇನರ ಉಳದೈತೇನ ಅಂತ ತಲಿ ಬಗ್ಗಿಸಿ ಮಷಿನ್ ಮುಟ್ಟಿ ಮುಟ್ಟಿ ನೋಡತೇನಿ. ಕಂಡವರು ನನ್ನನ್ನ ದೊಡ್ಡ ಭಕ್ತ ಅಂತ ತಿಳಕೊಂಡಾರ.