ಲೋರ್ನಾಳ ಟೊಮೆಟೊ

ಕ್ಯಾಲಿಫೋರ್ನಿಯಾದ ಯುರೀಕಾ ಊರಿನ ಲೋರ್ನಾ ಬಟ್ಟೆ ಬೀರುವಿನಲ್ಲಿ ಗಾಂಜಾ ಬೆಳೆಸುತ್ತಲೇ ಮುದುಕಿಯಾದವಳು. ಪೊಲೀಸರ ಕಾಟದ ಕಾಲದಲ್ಲಿ ಗಾಂಜಾ ಬೆಳೆಯುವವರೆಲ್ಲ "ಟೊಮೆಟೊಗೆ" ಎಂದೇ ಅಂಗಡಿಯಲ್ಲಿ ಟ್ಯೂಬ್‌ಲೈಟು ಕೊಳ್ಳುತ್ತಿದ್ದರು. ಈಗ ಮನೆಯಲ್ಲಿ ಆರು ಗಿಡಕ್ಕೆ ಕಾನೂನೇ ಒಪ್ಪಿದೆ. ಇವಳ ನಾಲಿಗೆ ಮಾತ್ರ ಒಪ್ಪಿಲ್ಲ.

ಮೊನ್ನೆ ಟ್ಯೂಬು ಸುಟ್ಟುಹೋಗಿ, ಮೊಗ್ಗು ಬಿಟ್ಟ ಗಿಡಗಳು ಕತ್ತಲಲ್ಲಿ ಸೊರಗತೊಡಗಿದವು.

"ಎಲೆಗೆ ಬಿಳಿ ಬೆಳಕು, ಮೊಗ್ಗಿಗೆ ಕೆಂಪು. ಯಾವ್ದು ಬೇಕಜ್ಜಿ?" ಅಂಗಡಿಯ ಹುಡುಗಿ ಕೇಳಿದಳು.

"ಟೊಮೆಟೊದ್ದು."

"ಟೊಮೆಟೊನ ಬಿಸಿಲಲ್ಲಿಡಿ. ಗಾಂಜಾ ಅಂತ ಬಾಯ್ಬಿಟ್ರೆ ಸರಿಯಾದ್ದು ಕೊಡ್ತೀನಿ."

ಲೋರ್ನಾ ಇನ್ನೇನು ಬಾಯಿ ಬಿಡಬೇಕು, ಬೆನ್ನ ಹಿಂದೆ ಯಾರೋ ಕೆಮ್ಮಿದರು. ಒಂದು ಕಾಲದಲ್ಲಿ ಅವಳ ಬೀರುವನ್ನೇ ಜಪ್ತಿ ಮಾಡಿದ್ದ ನಿವೃತ್ತ ಪೊಲೀಸ್ ಗ್ರೇಡಿ! ಕಂಕುಳಲ್ಲಿ ಎರಡು ಕೆಂಪು ಟ್ಯೂಬು.

"ನಿಂದೇನೋ?" ಎಂದಳು.

ಗ್ರೇಡಿಯ ಕಿವಿ ಕೆಂಪಾಯಿತು. "ಟೊಮೆಟೊ."

"ನಂಗೂ ಇವನ ಟೊಮೆಟೊದ್ದೇ ಕೊಡಮ್ಮ."