ಮೇಲೆ ಬಿರುಕು, ಒಳಗೆ ನೆನೆದ ರಸ್ಕು

ಪೇಟೆಯ ತಿರುವಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ ಆ ಮನುಷ್ಯರನ್ನು ಎಲ್ಲರೂ ಕರೆಯುತ್ತಿದ್ದದ್ದು ಭೂತಗನ್ನಡಿ ಮಾವ ಎಂದು. ಬಲಗಣ್ಣಿಗೆ ಸಿಕ್ಕಿಸಿಕೊಂಡ ಮಸೂರವನ್ನು ತೆಗೆಯಲು ಮರೆತು ಹಾಗೇ ಮನೆಗೆ ಬಂದುಬಿಡುವುದು, ಊಟಕ್ಕೆ ಕೂತು ತಟ್ಟೆಯೊಳಗೆ ಇಣುಕಿ, "ಇದೇನೇ, ಬಟಾಣಿ ಇಷ್ಟು ದಪ್ಪ!" ಎಂದು ಗಾಬರಿಬೀಳುವುದು ಅವರಿಗೆ ಮಾಮೂಲು. ಅವರ ಹೆಂಡತಿ ಅವರ ಕಣ್ಣಿನಿಂದ ಮಸೂರ ಕಿತ್ತು ಉಪ್ಪಿನ ಡಬ್ಬಿಯ ಪಕ್ಕ ಇಡುತ್ತಿದ್ದರು.

ಆಯುಷ್ಯವೆಲ್ಲ ಸಾಸಿವೆಯಷ್ಟು ತಿರುಪು, ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ಕೂತವರಿಗೆ ಅರವತ್ತರ ಹತ್ತಿರ ಬಂದಾಗ ಒಂದಾದರೂ ದೊಡ್ಡ ವಸ್ತುವನ್ನು ಮುಟ್ಟಬೇಕು ಎಂಬ ಆಸೆ ಹುಟ್ಟಿತು. ಹೀಗಿರುವಾಗ ಒಂದು ದಿನ ನದಿ ದಂಡೆಯ ದೋಣಿ ಕಾರ್ಖಾನೆಗೆ ಗೋಡೆ ಗಡಿಯಾರ ಸರಿಮಾಡಲು ಹೋದವರು ಸಂಜೆ ದೋಣಿಯ ಸಮೇತ ವಾಪಸಾದರು.

"ಏನೇ, ಒಂದು ಸಾಮಾನು ತಂದಿದೀನಿ. ಸ್ವಲ್ಪ ಬಾಗಿಲು ತೆಗಿ."

ಹೆಂಡತಿ ಬಾಗಿಲು ತೆಗೆದರು. ಬೀದಿ ಕಾಣಲಿಲ್ಲ. ಎದುರುಮನೆಯೂ ಕಾಣಲಿಲ್ಲ. ಟ್ರ್ಯಾಕ್ಟರಿನ ಹಿಂದೆ, ಗೇಟಿಗೆ ಮೂತಿಯಿಟ್ಟುಕೊಂಡು, ಬಿಳಿಯ ಫೈಬರ್ ದೋಣಿಯೊಂದು ನಿಂತಿತ್ತು. ಒಳಗೆ ಇಬ್ಬರು ಕೂತು ಟೀ ಕಾಯಿಸುವಷ್ಟು ಪುಟ್ಟ ಕೋಣೆ, ಮೇಲೆ ಓಡಾಡಲು ಡೆಕ್, ಮೂತಿಯ ಹತ್ತಿರ ಹಗ್ಗ ಕಟ್ಟುವ ಕಬ್ಬಿಣದ ಗೂಟ.

"ರೀ, ನಿಮಗೆ ಈಜು ಬರುತ್ತಾ?"

"ಅದಕ್ಕೇ ಅಲ್ವಾ ದೋಣಿ ತಂದಿದ್ದು?"

ಆಕೆ ಹೋಗಿ ಗೇಟಿನ ಎರಡೂ ಬಾಗಿಲು ತೆಗೆದರು.

ಮರುದಿನವೇ ಡೆಕ್ಕಿನ ಬಿರುಕುಗಳು ಮಾವನ ಕಣ್ಣಿಗೆ ಬಿದ್ದವು. ಗೂಟದ ಸುತ್ತ ಜೇಡರ ಬಲೆಯ ಹಾಗೆ ಸಣ್ಣ ಗೆರೆಗಳು ಡೆಕ್ಕಿನ ತುಂಬ ಹರಡಿದ್ದವು. ಬೇರೆಯವರಾಗಿದ್ದರೆ ಗೂಟ ಬಿಚ್ಚಿ ಒಳಗೇನಿದೆ ಎಂದು ನೋಡುತ್ತಿದ್ದರೇನೋ. ಮಾವ ಮಸೂರ ಸಿಕ್ಕಿಸಿಕೊಂಡು ಅಂಗಾತ, ಬೋರಲು, ಪಕ್ಕಕ್ಕೆ ಮಲಗಿ ಒಂದೊಂದೇ ಬಿರುಕಿನ ಜೊತೆ ಸ್ನೇಹ ಬೆಳೆಸಿದರು. ಅಂಗಡಿಗೆ ಬೀಗ ಬಿತ್ತು. ಚಿಮುಟದ ತುದಿಯಲ್ಲಿ ಪುಟ್ಟಿ ಹಿಡಿದು, ಉಸಿರು ಬಿಗಿಹಿಡಿದು, ಗೆರೆಯ ಮೇಲೆ ಗೆರೆ ತುಂಬಿದರು. ಕೊನೆಗೆ ಮೇಲೆ ಬಣ್ಣ ಬಳಿದಾಗ ಡೆಕ್ ಕನ್ನಡಿಯ ಹಾಗೆ ಹೊಳೆಯಿತು.

ಹೆಂಡತಿ ಮೇಲೆ ಹತ್ತಿ ನಾಲ್ಕು ಹೆಜ್ಜೆ ಹಾಕಿದರು. ಗೂಟದ ಹತ್ತಿರ ಕಾಲು ಕುಪ್ಪನೆ ಕೆಳಗಿಳಿದು ಮತ್ತೆ ಮೇಲೆದ್ದಿತು.

"ರೀ, ಇಲ್ಲಿ ಟೀಗೆ ಅದ್ದಿದ ರಸ್ಕ್ ಥರ ಮೆತ್ತಗಿದೆ."

"ಅದು ದೋಣಿ ಉಸಿರಾಡೋದು ಕಣೇ. ಹೊಸಬಳು ನೀನು, ನಿನಗೆ ಗೊತ್ತಾಗಲ್ಲ."

ತಾವು ಹಳಬರಾಗಿ ಒಂದು ವಾರವಷ್ಟೇ ಆಗಿತ್ತು ಎಂಬುದನ್ನು ಅವರು ಹೇಳಲಿಲ್ಲ.

ದೋಣಿ ನೀರಿಗಿಳಿಯಿತು. ಮೊದಲ ಸವಾರಿಗೆ ಬಂದವನು ಹೆಂಡತಿಯ ತಮ್ಮ. ರಸ್ತೆ ಕೆಲಸದಲ್ಲಿ ರೋಲರ್ ಓಡಿಸುತ್ತಿದ್ದ ಅವನನ್ನು ಜನ ರೋಲರ್ ಎಂದೇ ಕರೆಯುತ್ತಿದ್ದರು. ಅವನು ರೋಲರಿನಿಂದ ಇಳಿದರೂ ರಸ್ತೆ ಸ್ವಲ್ಪ ತಗ್ಗುತ್ತದೆ ಎಂದು ಆಡಿಕೊಳ್ಳುವವರಿದ್ದರು. ತಡವಾಗಿ ಬಂದವನು ದೋಣಿ ಹೊರಟೇಬಿಡುತ್ತದೆ ಎಂದುಕೊಂಡು ಕಟ್ಟೆಯಿಂದಲೇ ಓಡಿಬಂದು, "ಭಾವಾ, ನಿಲ್ಲೀ!" ಎನ್ನುತ್ತ ಹಾರಿದ.

ಆಗ ಹೆಂಡತಿ ಕೆಳಗಿನ ಕೋಣೆಯಲ್ಲಿ ಟೀ ಕಾಯಿಸುತ್ತಿದ್ದರು. ತಲೆಯ ಮೇಲೆ ಚಟಾರ್ ಎಂದು ಸದ್ದಾಯಿತು. ಮಾಳಿಗೆ ಬಿರಿದು, ಅದರಿಂದ ಬೂಟು ಹಾಕಿದ ಕಾಲೊಂದು ತೊಡೆಯವರೆಗೆ ಇಳಿದು, ಅಲ್ಲೇ ನಿಂತು, ಅತ್ತಿತ್ತ ಓಲಾಡತೊಡಗಿತು. ಕಪ್ಪು ನೀರು, ಕೊಳೆತ ಮರದ ಚೂರು ಸುರಿದವು. ಆಕೆ ಮೊದಲು ಟೀ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕಾಲನ್ನು ಮೇಲೆ ಕೆಳಗೆ ನೋಡಿ ಗುರುತು ಹಿಡಿದರು.

"ಒಳಗೆ ಬರುವಾಗ ಬೂಟ್ ಬಿಟ್ಟು ಬಾ ಅಂತ ಎಷ್ಟು ಸಲ ಹೇಳಿಲ್ಲ ನಿನಗೆ?" ಎನ್ನುತ್ತ ಬೂಟನ್ನು ಎಳೆದು ತೆಗೆದರು.

ಮೇಲಿಂದ ಕೂಗು ಬಂತು: "ಅಕ್ಕಾ, ಕಚಗುಳಿ ಇಡಬೇಡ ಕಣೇ! ಮೊದಲೇ ಸಿಕ್ಕಿಹಾಕ್ಕೊಂಡಿದೀನಿ!"

ಭೂತಗನ್ನಡಿ ಮಾವ ಮಂಡಿಯೂರಿ ಕೂತು, ಮಸೂರ ಏರಿಸಿ, ಭಾಮೈದನ ತೊಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಪರೀಕ್ಷಿಸಿದರು.

"ಏನಿಲ್ಲ ಕಣೋ. ಸ್ವಲ್ಪ ಬಿರುಕು ಬಿಟ್ಟಿದೆ ಅಷ್ಟೆ."

"ಭಾವಾ, ನಾನು ಅರ್ಧ ಕೆಳಗಿದೀನಿ!"

ಎಳೆದರೆ ಚಕ್ಕೆ ಚುಚ್ಚುತ್ತಿತ್ತು, ನೂಕಿದರೆ ಹೊಟ್ಟೆ ಅಡ್ಡ ಬರುತ್ತಿತ್ತು. ಬೇರೆ ದಾರಿ ಕಾಣದೆ ಹಾಗೇ ದೋಣಿ ಕಾರ್ಖಾನೆಯ ಕಡೆ ಹೊರಟರು. ರೋಲರ್ ಮೂತಿಯಲ್ಲಿ ನೆಟ್ಟ ಬೊಂಬೆಯ ಹಾಗೆ ಕೂತಿದ್ದ. ಸೇತುವೆಯ ಮೇಲಿದ್ದವರು ಕೈಬೀಸಿದಾಗ ಅವನೂ ಬೀಸಿದ. ಮರ್ಯಾದೆ ಹೋಗುವುದು ಹೋಯಿತು, ನಗುತ್ತಲೇ ಹೋಗಲಿ ಎಂಬುದು ಅವನ ಲೆಕ್ಕ. ಅಕ್ಕ ಕೆಳಗಿನಿಂದ ಟೀ ಲೋಟ ಕಳಿಸಿಕೊಟ್ಟರು.

ಕಾರ್ಖಾನೆಯ ಮೇಸ್ತ್ರಿ ಒಬ್ಬ ಹೆಂಗಸು, ಗಟ್ಟಿ ದನಿಯವಳು, ಕಿವಿಯ ಮೇಲೆ ಸದಾ ಪೆನ್ಸಿಲ್. ಕಾಲಿನ ಸುತ್ತ ಡೆಕ್ಕಿಗೆ ಗರಗಸ ಆಡಿಸಿ ರೋಲರನ್ನು ಬಿಡಿಸಿದಳು. ಬಿಡಿಸಿದ ತುಂಡನ್ನು ಮಾವನ ಮುಂದೆ ಹಿಡಿದಳು. ಮೇಲೆ ಫೈಬರಿನ ತೆಳು ಪದರ, ಕೆಳಗೆ ಇನ್ನೊಂದು, ನಡುವೆ ಪ್ಲೈವುಡ್ಡಿನ ಜಾಗದಲ್ಲಿ ಕರ್ರಗಿನ ಮುದ್ದೆ.

"ನೋಡಿ ಯಜಮಾನ್ರೇ. ಗೂಟದ ಬೋಲ್ಟು ಸಡಿಲ ಆಗಿ, ಅದರ ತೂತಿಂದ ನೀರು ಇಳಿದಿದೆ. ಒಳಗಿನ ಮರ ಕೊಳೆತು ಮೆತ್ತಗಾಯ್ತು. ಮೆತ್ತಗಾದ ಮೇಲೆ ಮೇಲಿನ ಪದರ ಬಾಗಿ ಬಾಗಿ ಬಿರುಕು ಬಿಟ್ಟಿತು. ನೀವು ಬಿರುಕಿಗೆ ಪೌಡರ್ ಹಚ್ಚಿದ್ರಿ."

"ನನಗೆ ಯಾರೂ ಹೇಳಲಿಲ್ಲವಲ್ಲ!"

"ತಗೊಳ್ಳೋ ದಿನಾನೇ ಹೇಳ್ದೆ, ಡೆಕ್ ನೋಡಿಸ್ಕೊಳ್ಳಿ ಅಂತ. ನೀವು ನಮ್ಮ ಗಡಿಯಾರದ ಹೊಟ್ಟೆಯೊಳಗೆ ತಲೆ ಹಾಕಿದ್ರಿ, ಹೂಂ ಅಂದ್ರಿ."

ಹೆಂಡತಿ ಗಂಡನ ಮುಖ ನೋಡಿದರು. ಮಾವ ತುರ್ತಾಗಿ ಆಕಾಶ ನೋಡಿದರು.

ದೋಣಿಯನ್ನು ದಂಡೆಗೆ ಎಳೆದು ಕೆಲಸ ಶುರುವಾಯಿತು. ಡೆಕ್ಕನ್ನು ಸುತ್ತಿಗೆಯ ಹಿಡಿಯಿಂದ ಬಡಿಯುತ್ತ ಹೋಗಬೇಕು: ಮರ ಗಟ್ಟಿಯಿದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ದಬ್ ಎನ್ನುತ್ತದೆ. ಮಾವ ಬಡಿದರು, ಹೆಂಡತಿ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ದಬ್, ದಬ್, ದಬ್. ಗುರುತು ಗೂಟ ದಾಟಿತು, ಕೋಣೆಯ ಕಿಟಕಿ ದಾಟಿತು.

"ನೀವು ಬಡಿಯೋದು ನಿಲ್ಲಿಸಿದ್ರೆ ಇಷ್ಟಕ್ಕೇ ಮುಗಿಯುತ್ತೆ ಅನ್ಸುತ್ತೆ," ಎಂದರು ಆಕೆ.

ಗುರುತಿನುದ್ದಕ್ಕೂ ಮೇಲಿನ ಪದರ ಕೊಯ್ದು ತೆಗೆದು, ಒಳಗಿನ ಕೊಳೆಯನ್ನು ಉಳಿಯಿಂದ ಕೆರೆದರು. ಫೈಬರಿನ ಧೂಳು ಮೈಗೆ ಅಂಟಿ, ಕೈಜೋಡಿಸಲು ಬಂದ ರೋಲರೂ ಸೇರಿ ಮೂವರಿಗೂ ತುರಿಕೆ. ರಸ್ತೆಯಲ್ಲಿ ಒಬ್ಬರ ಬೆನ್ನು ಒಬ್ಬರು ಕೆರೆಯುತ್ತ ರೈಲಿನ ಹಾಗೆ ಸಾಲಾಗಿ ಮನೆಗೆ ಬಂದದ್ದನ್ನು ಇಡೀ ಬೀದಿ ನಿಂತು ನೋಡಿತು.

ಒಳಭಾಗ ಪೂರ್ತಿ ಒಣಗಿದ ಮೇಲೆ ಹೊಸ ಪ್ಲೈವುಡ್ ಅಂಟಿಸುವ ದಿನ. ಅಂಟಿಗೆ ಗಟ್ಟಿಕಾರಕ ಬೆರೆಸಿದ ಮೇಲೆ ಬೇಗ ಬೇಗ ಬಳಿಯಬೇಕು. ಆದರೆ ಮಾವ ಗಡಿಯಾರಕ್ಕೆ ಎಣ್ಣೆ ಬಿಡುವ ಸೂಜಿಯಲ್ಲಿ ತೊಟ್ಟು ತೊಟ್ಟಾಗಿ ಬೆರೆಸುತ್ತ ಕೂತರು. "ಆಯ್ತೇನ್ರೀ?" "ಇನ್ನೊಂದೇ ತೊಟ್ಟು." "ಆಯ್ತೇನ್ರೀ?" "ಅವಸರ ಮಾಡಬೇಡ." ಆಮೇಲೆ ಕುಂಚ ಎತ್ತಿದರೆ, ಅಂಟು ಗಟ್ಟಿಯಾಗಿ ಮಗ್ಗೂ ಜೊತೆಗೇ ಎದ್ದು ಬಂತು, ಮೇಲೆ ತೆಳ್ಳಗೆ ಹೊಗೆ. ಎರಡನೇ ಸಲ ಹೆಂಡತಿ ಮಗ್ ಕಸಿದುಕೊಂಡು, ಮೇಸ್ತ್ರಿ ಹೇಳಿದ ಅಳತೆಗೆ ಸುರಿದು, ಗರಗರ ತಿರುಗಿಸಿ, ನೋಡನೋಡುತ್ತಿದ್ದಂತೆ ಬಳಿದು ಮುಗಿಸಿದರು.

"ಈಗ ಮರ ಕೂರೋವರೆಗೆ ಮೇಲೆ ಒಂದು ಭಾರ ಬೇಕು," ಎಂದಳು ಮೇಸ್ತ್ರಿ. "ಮರಳಿನ ಚೀಲ ಇದ್ಯಾ?"

ಅಕ್ಕ ತಮ್ಮನ ಕಡೆ ತಿರುಗಿದರು. ತಮ್ಮ ಸುತ್ತಮುತ್ತ ನೋಡಿದ. ಮರಳಿನ ಚೀಲ ಎಲ್ಲೂ ಇರಲಿಲ್ಲ.

ಪ್ಲಾಸ್ಟಿಕ್ ಹಾಳೆ ಹಾಸಿ ಅವನನ್ನು ಕೂರಿಸಿದರು. ಅವನು ಪೇಪರ್ ಓದಿದ, ಬಿಸ್ಕತ್ ತಿಂದ, ನಿದ್ದೆಯನ್ನೂ ಮಾಡಿದ. ನಿದ್ದೆಯಲ್ಲಿ ಹೊರಳಿದಾಗ ಹಾಳೆ ಜರುಗಿತು. ಮರದ ಸಂದಿನಿಂದ ಉಕ್ಕಿದ ಅಂಟು ನಿಧಾನವಾಗಿ ತನ್ನ ಕೆಲಸ ಮಾಡಿತು. ಸಂಜೆ ಅವನು ಏಳಲು ನೋಡಿದ. ಶರಟು ಎದ್ದಿತು, ಪ್ಯಾಂಟು ಏಳಲಿಲ್ಲ.

"ಭಾವಾ, ಈ ದೋಣಿಗೆ ನನ್ನ ಮೇಲೆ ಏನು ದ್ವೇಷ?"

"ದ್ವೇಷ ಅಲ್ಲ ಕಣೋ, ಪ್ರೀತಿ. ಬಿಡ್ತಾನೇ ಇಲ್ಲ ನೋಡು," ಎಂದರು ಮಾವ, ಕತ್ತರಿ ಹುಡುಕುತ್ತ. ರೋಲರ್ ಅದೇ ಪ್ಲಾಸ್ಟಿಕ್ ಹಾಳೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಬರಬರ ಸದ್ದು ಮಾಡುತ್ತ ಮನೆಗೆ ನಡೆದ. ಡೆಕ್ಕಿನ ಮೇಲೆ ಉಳಿದ ಎರಡು ದುಂಡನೆಯ ಬಟ್ಟೆ ತುಂಡುಗಳನ್ನು ಉಜ್ಜಿ ತೆಗೆಯಲು ಮಾವನಿಗೆ ಮರುದಿನವೆಲ್ಲ ಹಿಡಿಯಿತು.

ಆಮೇಲೆ ಫೈಬರ್ ಬಟ್ಟೆಯನ್ನು ಪದರ ಪದರವಾಗಿ ಅಂಟಿಸಿ, ಉಜ್ಜಿ, ಬಣ್ಣ ಬಳಿದರು. ಗೂಟದ ಬೋಲ್ಟುಗಳಿಗೆ ನೀರು ಇಳಿಯದ ಹಾಗೆ ಮೇಸ್ತ್ರಿ ತಾನೇ ನಿಂತು ಮೇಣ ತುಂಬಿಸಿದಳು. ದೋಣಿ ಮತ್ತೆ ನೀರಿಗಿಳಿದ ದಿನ, ಕಟ್ಟೆಯ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು.

"ನೀನೇ ಹಾರಪ್ಪ," ಎಂದರು ಮಾವ.

"ನನ್ನ ಹತ್ರ ಇರೋದು ಇದೊಂದೇ ಪ್ಯಾಂಟು. ನೀವೇ ಹಾರಿ ಭಾವ."

ಮಾವ ಕಣ್ಣು ಮುಚ್ಚಿ ಹಾರಿದರು. ಕಡ್ಡಿಯಂಥ ಮನುಷ್ಯ, ಸದ್ದೇ ಆಗಲಿಲ್ಲ. ಇದು ಪರೀಕ್ಷೆ ಅಂತ ಅನ್ನಿಸಿಕೊಳ್ಳಲ್ಲ ಎಂದು ಹೆಂಡತಿ ಸೆರಗು ಬಿಗಿದು ಹಾರಿದರು. ಡೆಕ್ ಮಿಸುಕಲಿಲ್ಲ. ಆಕೆಯ ಮುಖ ಅರಳಿತು. ಇನ್ನೊಮ್ಮೆ ಕುಪ್ಪಳಿಸಿದರು. ಅದನ್ನು ನೋಡಿ ರೋಲರಿಗೂ ತಡೆಯಲಾಗಲಿಲ್ಲ, ಧಡಾರ್ ಎಂದು ಬಂದ. ಹಲಗೆ ಕಿರ್ರೆನ್ನಲೂ ಇಲ್ಲ! ಮೂವರೂ ಕೈಕೈ ಹಿಡಿದು, ಹೊಟ್ಟೆ ಹುಣ್ಣಾಗುವಷ್ಟು ನಗುತ್ತ, ಮಕ್ಕಳ ಹಾಗೆ ಕುಣಿದರು. ಮಾವನ ಕಣ್ಣಲ್ಲಿ ನೀರು ಬಂತು. ಇಷ್ಟು ದೊಡ್ಡದೊಂದು ತಮ್ಮ ಕೈಯಲ್ಲಿ ರಿಪೇರಿಯಾಗಿದೆ ಎಂದು ಅವರಿಗೆ ನಂಬಿಕೆಯೇ ಬರಲಿಲ್ಲ.

"ಯಜಮಾನ್ರೇ!" ಎಂದು ದೂರದಿಂದ ಮೇಸ್ತ್ರಿ ಕೂಗಿದಳು. ಅಷ್ಟು ದೂರ ಯಾಕೆ ಹೋದಳು ಇವಳು ಎಂದು ಮಾವ ತಿರುಗಿ ನೋಡಿದರು. ಅವಳು ಕಟ್ಟೆಯ ಮೇಲೇ ಇದ್ದಳು, ಕೈಯಲ್ಲಿ ಎಂಜಿನ್ನಿನ ಬೀಗದಕೈ ಆಡಿಸುತ್ತ. ದೋಣಿಯೇ ನದಿಯ ನಡುವೆ ಇತ್ತು.

"ಹಗ್ಗ ಯಾರು ಕಟ್ಟಿದ್ದು?" ಎಂದರು ಹೆಂಡತಿ.

ಭಾವ ಭಾಮೈದನನ್ನು ನೋಡಿದರು, ಭಾಮೈದ ಭಾವನನ್ನು ನೋಡಿದ. ಆಕೆ ಕೆಳಗಿನ ಕೋಣೆಗಿಳಿದು, ಬಾಣಲೆ ಮತ್ತು ಎರಡು ತಟ್ಟೆ ತಂದು ಇಬ್ಬರ ಕೈಗೂ ಒಂದೊಂದು ತಟ್ಟೆ ಕೊಟ್ಟರು. ದೊಡ್ಡ ಬಾಣಲೆಯನ್ನು ತಾವೇ ಹಿಡಿದು, ದಂಡೆಯ ಕಡೆ ಹುಟ್ಟು ಹಾಕತೊಡಗಿದರು.